ಬರೆಯ ಮೇಲೆ ಇಂಗುಗುಂಡಿ ಬೇಡ: ಇಳಿಜಾರಿನ ಮನೆಯ ಮಳೆನೀರಿಗೆ ದಾರಿ

ಪ್ರಶ್ನೆ: ಸರ್, ನಮ್ಮ ಮನೆ ಮಡಿಕೇರಿ–ಸೋಮವಾರಪೇಟೆ ದಾರಿಯಲ್ಲಿ ಇಳಿಜಾರಿನ ಜಾಗದಲ್ಲಿದೆ. ಮನೆ ಹಿಂದೆ 12 ಅಡಿ ಎತ್ತರದ ಬರೆ (ಇಳಿಜಾರು ಕಡಿದಾಗ ಉಳಿದ ನೆಟ್ಟಗಿನ ಮಣ್ಣಿನ ಗೋಡೆ), ಅದರ ಮೇಲೆ ನಮ್ಮದೇ ಕಾಫಿ ತೋಟ. ಮನೆಯ ಮಾಡು (ಚಾವಣಿ) 1,600 ಚದರ ಅಡಿ. ಎರಡು ವರ್ಷದ ಹಿಂದೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ, ಕಾರು ನಿಲ್ಲಿಸಲು ಕಾಂಕ್ರೀಟ್ ಮಾಡಿಸಿದೆವು. ಎರಡೂ ಸೇರಿ 2,000 ಚದರ ಅಡಿ. ಅಂದಿನಿಂದ ಕೆಳಗಿನ ಮನೆಯವರ ತೋಟಕ್ಕೆ ನೀರು ನುಗ್ಗಿ ಕೊರಕಲು ಬಿದ್ದಿದೆ. ಜುಲೈನಲ್ಲಿ ನಮ್ಮ ಬಾವಿ ನೀರು ಕೆಂಪಾಗುತ್ತದೆ. ಕೆಳಗಿನ ತೋಡಿನಲ್ಲಿ (ಸಣ್ಣ ಹಳ್ಳ) ಮೊದಲಿನಷ್ಟು ಮೀನು, ಏಡಿ ಇಲ್ಲ. ಬರೆಯ ಮೇಲೆ ದೊಡ್ಡ ಇಂಗುಗುಂಡಿ ತೋಡಿಸಿ ಎಂದು ಒಬ್ಬರು ಹೇಳುತ್ತಾರೆ. ಎಲ್ಲಾ ನೀರನ್ನೂ ಪೈಪಿನಲ್ಲಿ ನೇರ ತೋಡಿಗೆ ಬಿಡಿ ಎಂದು ಇನ್ನೊಬ್ಬರು. ಯಾವುದು ಸರಿ?

ಉತ್ತರ: ಬರೆಯ ಮೇಲೆ ಗುಂಡಿ ತೋಡಿಸಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಗುಂಡಿ ತೋಡಲು ಯಾರಿಗಾದರೂ ಹೇಳಿದ್ದರೆ ಮೊದಲು ಅದನ್ನು ನಿಲ್ಲಿಸಿ.

ನೀರು ಇಂಗಿಸುವುದು ಒಳ್ಳೆಯ ಕೆಲಸ ಎಂದು ನಾವೆಲ್ಲ ಕೇಳಿಕೊಂಡೇ ಬಂದಿದ್ದೇವೆ. ಬಯಲುಸೀಮೆಗೆ ಆ ಮಾತು ನೂರಕ್ಕೆ ನೂರು ಸರಿ. ಕೊಡಗಿನಲ್ಲೂ ಸರಿಯೇ, ಆದರೆ ಎಲ್ಲಾ ಕಡೆ ಅಲ್ಲ. ನಮ್ಮ ಬೆಟ್ಟಗಳಲ್ಲಿ ಮೇಲೆ ದಪ್ಪನೆಯ ಕೆಂಪು ಮಣ್ಣಿದೆ, ಕೆಳಗೆ ಬಂಡೆ ಇದೆ. ಇಂಗಿದ ನೀರು ಬಂಡೆಯವರೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಕೆಳಗೆ ಹೋಗಲಾರದೆ ಇಳಿಜಾರಿನ ಕಡೆಗೆ ಸರಿಯುತ್ತದೆ. ನೀವು ಮನೆ ಕಟ್ಟಲು ಆ ಇಳಿಜಾರನ್ನೇ ಕಡಿದಿದ್ದೀರಿ. ಹಾಗಾಗಿ ನೀರು ಹೊರಬರುವುದು ಬರೆಯಲ್ಲಿ, ಅಂದರೆ ನಿಮ್ಮ ಅಡುಗೆಮನೆಯ ಹಿಂದೆ. ನೀರು ಕುಡಿದ ಮಣ್ಣಿಗೆ ಭಾರ ಜಾಸ್ತಿ, ಹಿಡಿತ ಕಡಿಮೆ. ಮಣ್ಣಿನ ಕಣಗಳ ನಡುವೆ ತುಂಬಿದ ನೀರು ಅವನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಬರೆ ಕುಸಿಯುವುದು ಹೀಗೆ.

ಭಾರೀ ಮಳೆಗೆ ಕೊಡಗಿನ ಬೆಟ್ಟಗಳು ಕುಸಿದ 2018ರ ಆಗಸ್ಟ್ ತಿಂಗಳನ್ನು ನಿಮಗೆ ನೆನಪಿಸಬೇಕಿಲ್ಲ. ಆಗ ಪೆಟ್ಟು ತಿಂದ ಮಕ್ಕಂದೂರು, ಹಟ್ಟಿಹೊಳೆ ನಿಮ್ಮ ದಾರಿಯಲ್ಲೇ ಇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಆಮೇಲೆ ಜಾಗ ನೋಡಿ, ಅತಿ ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರು ಕಡಿದದ್ದನ್ನೂ ಕಾರಣವೆಂದು ಹೇಳಿದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದಾಗ, ಮೇಲೆ ತೋಡಿದ್ದ ಇಂಗುಗುಂಡಿಗಳ ಬಗ್ಗೆ ಜಿಲ್ಲೆಯಲ್ಲಿ ದೊಡ್ಡ ಚರ್ಚೆ ಆಯಿತು. ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಗುಂಡಿಯಲ್ಲಿ ಇಂಗಿದ ನೀರೇ ಬೆಟ್ಟವನ್ನು ಸಡಿಲ ಮಾಡಿತಾ ಎಂದು ಜನ ಕೇಳಿದ ಆ ಪ್ರಶ್ನೆ ನ್ಯಾಯವಾದದ್ದು. ಗುಂಡಿ ತೋಡುವ ಮೊದಲು ನಾವೆಲ್ಲರೂ ಕೇಳಿಕೊಳ್ಳಬೇಕಾದದ್ದು ಅದೇ.

ನಾನೂ ಇದನ್ನು ಕಷ್ಟಪಟ್ಟು ಕಲಿತವನು. ಕೆಲವು ವರ್ಷದ ಹಿಂದೆ ಒಂದು ಮನೆಯ ಮೇಲ್ಗಡೆ, ಬರೆಯಿಂದ ಹದಿನೈದು ಅಡಿ ದೂರದಲ್ಲಿ ಗುಂಡಿ ತೋಡಲು ನಾನೇ ಹೇಳಿದ್ದೆ. ಮೇ ತಿಂಗಳಲ್ಲಿ ಪರೀಕ್ಷೆ ಮಾಡಿದಾಗ ನೀರು ಚೆನ್ನಾಗಿ ಇಂಗುತ್ತಿತ್ತು. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳು) ಆ ಮನೆಯ ಅಮ್ಮ ಫೋನ್ ಮಾಡಿದರು. ಬರೆಯಲ್ಲಿ ಹೊಸದಾಗಿ ಒರತೆ ಎದ್ದಿದೆ, ನೀರು ಕೆಂಪಗಿದೆ ಎಂದರು. ಹೋಗಿ ನೋಡಿದೆ. ನೆಲದಿಂದ ಮೂರಡಿ ಎತ್ತರದಲ್ಲಿ, ಬೆರಳು ಗಾತ್ರದ ತೂತಿನಿಂದ ನೀರು ಬರುತ್ತಿತ್ತು. ಜೊತೆಗೆ ಮಣ್ಣೂ ಬರುತ್ತಿತ್ತು. ಅಂದೇ ಅವರನ್ನು ನೆಂಟರ ಮನೆಗೆ ಕಳಿಸಿದೆವು. ಗುಂಡಿಗೆ ಬರುವ ನೀರನ್ನು ಬೇರೆ ಕಡೆಗೆ ತಿರುಗಿಸಿ, ಗುಂಡಿ ಮುಚ್ಚಿದೆವು. ಹತ್ತು ದಿನದಲ್ಲಿ ಒರತೆ ನಿಂತಿತು. ಆ ಹತ್ತು ದಿನ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಬರೆ ಇರುವ ಮನೆಗೆ ಯಾರು ಕರೆದರೂ, ನೀರು ಎಲ್ಲಿ ಇಂಗಬಾರದು ಎಂಬುದನ್ನು ಮೊದಲು ಗುರುತು ಹಾಕುತ್ತೇನೆ.

ಈಗ ನಿಮ್ಮ ನೀರಿನ ಲೆಕ್ಕ ನೋಡೋಣ. ತೋಟದವರಿಗೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಹೇಳಿದರೆ ಸುಲಭ. ನಿಮ್ಮ ಮಾಡು, ಅಂಗಳ ಸೇರಿ 3,600 ಚದರ ಅಡಿ. ಒಂದು ಇಂಚು ಮಳೆ ಬಿದ್ದರೆ ಅದರ ಮೇಲೆ ಸುಮಾರು 8,500 ಲೀಟರ್ ನೀರು. ದಿನಕ್ಕೆ ನಾಲ್ಕು ಇಂಚು ಹೊಡೆಯುವುದು ನಿಮ್ಮ ಕಡೆ ಹೊಸದೇನಲ್ಲ. ಅಂದು 34,000 ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರ್ ಆರು ಬಾರಿ ಬಂದು ಅಂಗಳದಲ್ಲಿ ಸುರಿದು ಹೋದ ಹಾಗೆ. ಗಂಟೆಗೆ ಎರಡು ಇಂಚಿನ ರಭಸದಲ್ಲಿ ಸುರಿದರೆ ಸೆಕೆಂಡಿಗೆ ನಾಲ್ಕು ಲೀಟರ್ ಹೊರಗೆ ಹೋಗುತ್ತದೆ. ದೊಡ್ಡ ಬಕೆಟ್ ಮೂರು ನಾಲ್ಕು ಸೆಕೆಂಡಿಗೆ ತುಂಬುತ್ತದೆ.

ಮೊದಲು ಇಷ್ಟು ನೀರು ಕೆಳಗೆ ಹೋಗುತ್ತಿರಲಿಲ್ಲ, ಅಲ್ವಾ? ಹುಲ್ಲು ಬೆಳೆದ ಮಣ್ಣಿನ ಅಂಗಳ ಒಂದಷ್ಟನ್ನು ಕುಡಿಯುತ್ತಿತ್ತು, ಉಳಿದದ್ದನ್ನು ನಿಧಾನವಾಗಿ ಬಿಡುತ್ತಿತ್ತು. ನಮ್ಮಲ್ಲಿ ಇಂಟರ್‌ಲಾಕ್ ಹಾಕುವುದು ಜಲ್ಲಿಪುಡಿಯನ್ನು ಗಟ್ಟಿಯಾಗಿ ಕುಟ್ಟಿ ಅದರ ಮೇಲೆ. ಸಂದಿಯಲ್ಲಿ ನೀರು ಇಳಿಯುತ್ತದೆ ಎಂದು ಅಂಗಡಿಯವರು ಹೇಳಿದರೂ, ಒಂದು ಮಳೆಗಾಲ ಕಳೆದು ಪಾಚಿ ಕಟ್ಟಿದರೆ ಕಾಂಕ್ರೀಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಬಿದ್ದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹರಿದೇ ಹೋಗುತ್ತದೆ. ನುಣುಪಾದ ನೆಲದ ಮೇಲೆ ನೀರಿನ ವೇಗವೂ ಜಾಸ್ತಿ. ವೇಗ ಎರಡರಷ್ಟಾದರೆ ಕೊರೆಯುವ ಶಕ್ತಿ ನಾಲ್ಕರಷ್ಟಾಗುತ್ತದೆ. ಕೆಳಗಿನವರ ತೋಟದ ಕೊರಕಲಿಗೆ ಕಾರಣ ಇದು.

ಪೈಪ್ ಹಾಕಿ ತೋಡಿಗೆ ಬಿಡುವುದು ಬೇಡ ಎನ್ನುವುದೂ ಇದಕ್ಕೇ. ಪೈಪಿನಿಂದ ಚಿಮ್ಮಿದ ನೀರು ತೋಡಿನ ದಡ ಕೊರೆಯುತ್ತದೆ. ಅಂಗಳದ ಮಣ್ಣು, ಎಣ್ಣೆ, ಕಸ ಎಲ್ಲವನ್ನೂ ಎಲ್ಲೂ ತಡೆಯದೆ ಹೊಳೆಗೆ ತಲುಪಿಸುತ್ತದೆ. ನಿಮ್ಮ ಕಡೆಯ ತೋಡುಗಳ ನೀರು ಹಾರಂಗಿಗೆ, ಅಲ್ಲಿಂದ ಕಾವೇರಿಗೆ ಸೇರುವಂಥದ್ದು. ಕೆಳಗೆ ಕುಡಿಯುವವರಿದ್ದಾರೆ.

ಹಾಗಾದರೆ ಏನು ಮಾಡಬೇಕು? ನೀರನ್ನು ಬೇರೆ ಬೇರೆ ಮಾಡಬೇಕು. ಮೇಲಿನ ತೋಟದಿಂದ ಇಳಿಯುವ ನೀರು, ಮಾಡಿನ ನೀರು, ಅಂಗಳದ ನೀರು, ಈ ಮೂರಕ್ಕೂ ಗುಣ ಬೇರೆ, ಕೊಳೆ ಬೇರೆ. ಮೂರನ್ನೂ ಒಂದೇ ಮೋರಿಗೆ ಸೇರಿಸಿದ್ದರಿಂದ ಎಲ್ಲವೂ ಕೆಟ್ಟಿದೆ.

ಮೇಲಿನ ನೀರಿಗೆ ಬರೆಯ ಅಂಚಿನಿಂದ ಐದಾರು ಅಡಿ ಹಿಂದಕ್ಕೆ ಒಂದು ಅಡ್ಡ ಚರಂಡಿ ಬೇಕು. ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ಇರಲಿ. ಮಣ್ಣಿನ ಚರಂಡಿ ಆಗದು. ತಳಕ್ಕೂ ಬದಿಗೂ ಕಾಂಕ್ರೀಟ್ ಆಗಲೇಬೇಕು, ಇಲ್ಲದಿದ್ದರೆ ಅದೇ ಒಂದು ಉದ್ದನೆಯ ಇಂಗುಗುಂಡಿ ಆಗುತ್ತದೆ. ನೂರು ಅಡಿಗೆ ಒಂದು ಅಡಿ ಇಳಿತ ಕೊಡಿ. ಅದಕ್ಕಿಂತ ಚಪ್ಪಟೆಯಾದರೆ ಹೂಳು ಕೂರುತ್ತದೆ. ಕಣ್ಣಳತೆಯಲ್ಲಿ ಈ ಇಳಿತ ಸಿಗುವುದಿಲ್ಲ. ಗಾರೆ ಕೆಲಸದವರ ಹತ್ರ ಟ್ಯೂಬ್ ಲೆವೆಲ್ ಇರುತ್ತದೆ, ಅದನ್ನು ತರಿಸಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಇಲ್ಲದಂತೆ ನೋಡಿಕೊಂಡು, ಹತ್ತು ಹತ್ತು ಅಡಿಗೆ ಗೂಟ ಹೊಡೆದು ಗುರುತು ಹಾಕಿ. ಒಂದು ಗೂಟಕ್ಕೂ ಇನ್ನೊಂದಕ್ಕೂ ಹತ್ತಿರ ಹತ್ತಿರ ಒಂದೂಕಾಲು ಇಂಚು ಇಳಿದಿದ್ದರೆ ಲೆಕ್ಕ ಸರಿ ಬಂತು. ಚರಂಡಿ ಬರೆಯ ಎರಡೂ ತುದಿ ದಾಟಿದ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ ನೀರನ್ನು ಕೆಳಗಿಳಿಸಿ. ಪ್ರತಿ ಮೆಟ್ಟಿಲಲ್ಲೂ ಬಿದ್ದು ನೀರಿನ ರಭಸ ಸಾಯುತ್ತದೆ.

ಒಂದು ಎಚ್ಚರಿಕೆ. ಬಿರುಕು ಬಿಟ್ಟ ಚರಂಡಿ, ಚರಂಡಿಯೇ ಇಲ್ಲದ್ದಕ್ಕಿಂತ ಅಪಾಯ. ಎಲ್ಲಾ ನೀರನ್ನೂ ಕೂಡಿಸಿ ತಂದು ಒಂದೇ ಕಡೆ ಬರೆಗೆ ಕುಡಿಸುತ್ತದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಒಮ್ಮೆ ಅದರ ಉದ್ದಕ್ಕೂ ನಡೆದು ನೋಡಿ. ಸಿಲ್ವರ್ ಓಕ್ ಎಲೆ ತುಂಬಿದ್ದರೆ ಬಳಿದು, ಬಿರುಕಿದ್ದರೆ ಸಿಮೆಂಟ್ ಮೆತ್ತಿ.

ತೋಟದ ತೊಟ್ಟಿಲು ಗುಂಡಿಗಳನ್ನೆಲ್ಲ (ನೀರು, ಮಣ್ಣು ಹಿಡಿಯಲು ಕಾಫಿ ಗಿಡಗಳ ನಡುವೆ ತೋಡುವ ಗುಂಡಿಗಳು) ಮುಚ್ಚಬೇಕಾ ಎಂದು ನೀವು ಕೇಳಬಹುದು. ಬೇಡ. ಬರೆಯ ಅಂಚಿನಿಂದ ನಲವತ್ತು ಅಡಿಯವರೆಗೆ ಮಾತ್ರ ಮುಚ್ಚಿ, ಅಲ್ಲಿ ಹುಲ್ಲು ಬೆಳೆಯಲು ಬಿಡಿ. ಅದು ನಾನು ಇಟ್ಟುಕೊಂಡಿರುವ ಲೆಕ್ಕ, ಬರೆಯ ಎತ್ತರದ ಮೂರು ಪಟ್ಟಿಗಿಂತ ಕಡಿಮೆ ಆಗಬಾರದು ಅಂತ. ಅದಕ್ಕೂ ಮೇಲೆ, ಇಳಿಜಾರು ಸೌಮ್ಯವಾಗಿರುವ ಕಡೆ ಗುಂಡಿಗಳು ಇರಲಿ. ನಮ್ಮ ಹಿರಿಯರು ಇವನ್ನು ಮುಂಗಾರಿನ ಜೋರು ಇಳಿದ ಮೇಲೆ ತೋಡಿಸುತ್ತಿದ್ದರು. ಮಣ್ಣು ಮೆತ್ತಗಿರುತ್ತದೆ, ಕೂಲಿ ಉಳಿಯುತ್ತದೆ ಎಂಬುದು ಒಂದು ಕಾರಣ. ಆದರೆ ಅದರಲ್ಲಿ ಇನ್ನೊಂದು ಬುದ್ಧಿ ಇದೆ. ಹಿಂಗಾರಿನ ಮಳೆ, ಕಾಫಿ ಹೂ ಅರಳಿಸುವ ಮಾರ್ಚ್–ಏಪ್ರಿಲ್‌ನ ಹೂಮಳೆ, ಇವು ಇಂಗಬೇಕಾದ ಮಳೆಗಳು. ಜುಲೈ ಕೊನೆ, ಆಗಸ್ಟ್ ಮೊದಲಿನ ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ಬೆಟ್ಟಕ್ಕೆ ಹೊಟ್ಟೆ ತುಂಬಿರುತ್ತದೆ. ಆಗ ಇನ್ನಷ್ಟು ಕುಡಿಸುವುದು ತಪ್ಪು.

ಮಾಡಿನ ನೀರು ಇರುವುದರಲ್ಲಿ ಶುದ್ಧ. ಮಾಡಿನ ಅಂಚಿಗೆ ದೋಣಿ (ನೀರು ಹಿಡಿಯುವ ಗಟರ್) ಕಟ್ಟಿ ತೊಟ್ಟಿಗೆ ತನ್ನಿ. ಮಳೆ ಶುರುವಾದಾಗ ಮೊದಲ ಒಂದು ಮಿಲಿಮೀಟರ್ ನೀರಿನಲ್ಲಿ ಧೂಳು, ಹಕ್ಕಿ ಹಿಕ್ಕೆ, ಎಲೆ ಇರುತ್ತದೆ. ನಿಮ್ಮ ಮಾಡಿಗೆ ಅದು ಸುಮಾರು 150 ಲೀಟರ್. 200 ಲೀಟರಿನ ಒಂದು ಡ್ರಮ್ಮನ್ನು ಮುಂಚೆ ಇಟ್ಟು, ಅದು ತುಂಬಿದ ಮೇಲೆ ತೊಟ್ಟಿಗೆ ಹೋಗುವ ಹಾಗೆ ಪೈಪ್ ಜೋಡಿಸಿ. ಹೂಮಳೆಯ ಕಾಲದಲ್ಲಿ ಇದು ತುಂಬಾ ಮುಖ್ಯ.

ಆದರೆ ತೊಟ್ಟಿ ಕಟ್ಟಿದರೆ ಜುಲೈ ನೀರು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 10,000 ಲೀಟರ್ ತೊಟ್ಟಿ ಜುಲೈನಲ್ಲಿ ಒಂದೇ ದಿನಕ್ಕೆ ತುಂಬಿ ಸುಮ್ನೆ ಕೂರುತ್ತದೆ. ಇದಕ್ಕೆ ಒಂದು ಉಪಾಯ ಇದೆ. ತೊಟ್ಟಿಯ ಅರ್ಧ ಎತ್ತರದಲ್ಲಿ ಅರ್ಧ ಇಂಚಿನ ಒಂದು ಪೈಪ್ ಇಟ್ಟು, ಮಳೆಗಾಲ ಪೂರ್ತಿ ತೆರೆದಿಡಿ. ಕೆಳಗಿನ ಅರ್ಧ ನಿಮ್ಮ ಬಳಕೆಗೆ. ಮೇಲಿನ 5,000 ಲೀಟರ್ ಜಾಗ ಮಳೆ ಬಿಟ್ಟಾಗಲೆಲ್ಲ ನಿಧಾನವಾಗಿ ಖಾಲಿಯಾಗುತ್ತಿರುತ್ತದೆ. ಗಂಟೆಗೆ ಎರಡು ಇಂಚಿನ ಮಳೆ ಬಂದರೂ ಮೊದಲ ಮುಕ್ಕಾಲು ಗಂಟೆ ಮಾಡಿನ ನೀರನ್ನು ಅದು ಹಿಡಿದಿಡುತ್ತದೆ. ಕೊರಕಲು ಬೀಳಿಸುವುದು ಹೆಚ್ಚಾಗಿ ಆ ಮುಕ್ಕಾಲು ಗಂಟೆಯ ರಭಸವೇ. ಮೇಲಿನ ತುದಿಯಲ್ಲಿ ತುಂಬಿ ಹರಿಯಲು ಆರು ಇಂಚಿನ ಪೈಪ್ ಇರಲಿ. ನಾಲ್ಕು ಇಂಚು ಲೆಕ್ಕಕ್ಕೆ ಸಾಕು, ಎಲೆ ಸಿಕ್ಕಿಕೊಂಡರೆ ಸಾಲದು.

ಅಂಗಳದ ನೀರೇ ನಿಜವಾಗಿ ಕೊಳೆ ನೀರು. ಕಾರಿನ ಎಣ್ಣೆ, ಟೈರಿನ ಪುಡಿ, ಮಣ್ಣು ಎಲ್ಲಾ ಅದರಲ್ಲೇ. ಅಂಗಳದ ಕೆಳ ಅಂಚಿನಲ್ಲಿ ಮೂರು ಅಡಿ ಅಗಲಕ್ಕೆ ಇಂಟರ್‌ಲಾಕ್ ಕಿತ್ತು ಜಲ್ಲಿ ತುಂಬಿ, ತಳದಲ್ಲಿ ತೂತಿನ ಪೈಪ್ ಇಡಿ. ಅಲ್ಲಿಂದ ನೀರು ಎರಡು ಕೋಣೆಯ ಹೂಳುಗುಂಡಿಗೆ ಬರಲಿ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ ಸಾಕು. ಮೊದಲ ಕೋಣೆಯಿಂದ ಎರಡನೆಯದಕ್ಕೆ ಹೋಗುವ ಪೈಪಿಗೆ ಕೆಳಮುಖವಾಗಿ ಒಂದು ಬೆಂಡ್ ಹಾಕಿಸಿ. ಎಣ್ಣೆ ತೇಲುತ್ತದೆ, ಬೆಂಡಿನ ಬಾಯಿ ನೀರಿನೊಳಗಿರುತ್ತದೆ. ಹಾಗಾಗಿ ಎಣ್ಣೆ ಹಿಂದೆಯೇ ಉಳಿಯುತ್ತದೆ. ನೂರಿನ್ನೂರು ರೂಪಾಯಿಯ ಆ ಬೆಂಡನ್ನು ಮರೆತು ಕಟ್ಟಿದ ಗುಂಡಿಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಹೂಳುಗುಂಡಿ ಕೆಂಪು ಬಣ್ಣವನ್ನು ತೆಗೆಯುವುದಿಲ್ಲ, ಇದು ನಿಮಗೆ ಗೊತ್ತಿರಬೇಕು. ಮುಂದಿನ ಮಳೆಯಲ್ಲಿ ಒಂದು ಗಾಜಿನ ಲೋಟದಲ್ಲಿ ಅಂಗಳದ ನೀರು ಹಿಡಿದು ಜಗಲಿಯ ಮೇಲೆ ಇಡಿ. ಒಂದು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಇನ್ನೊಂದು ತೆಳು ಪದರ ಬಿದ್ದಿರುತ್ತದೆ. ಆದರೆ ಮಾರನೇ ದಿನ ಬೆಳಿಗ್ಗೆ ನೋಡಿದರೂ ಮೇಲಿನ ನೀರು ಕೆಂಪಗೇ ಇರುತ್ತದೆ. ಅದು ಜೇಡಿಯ ಅತಿ ಸಣ್ಣ ಕಣ. ಯಾವ ಗುಂಡಿಯೂ ಅದನ್ನು ಹಿಡಿಯುವುದಿಲ್ಲ. ಅದನ್ನು ಹುಟ್ಟುವಲ್ಲೇ ತಡೆಯಬೇಕು, ಅಂದರೆ ಬರಿ ಮಣ್ಣು ಮಳೆಗೆ ಕಾಣಬಾರದು. ಬರೆಯ ಮೈಗೆ ಹುಲ್ಲು ಬೇಕು, ತೋಟದ ನೆಲಕ್ಕೆ ದರಗು (ಉದುರಿದ ಒಣ ಎಲೆ) ಬೇಕು. ಮಳೆಗಾಲದ ಮೊದಲು ಕಳೆಯನ್ನು ಪೂರ್ತಿ ಕೆತ್ತಿ ನೆಲ ಬೋಳು ಮಾಡಬೇಡಿ, ಕತ್ತರಿಸಿ ಬಿಡಿ. ಗೊಬ್ಬರದ ರಂಜಕ, ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ಇವೆಲ್ಲ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೊಳೆಗೆ ಹೋಗುತ್ತವೆ. ಮಣ್ಣನ್ನು ನಿಲ್ಲಿಸಿದರೆ ಅವೂ ನಿಲ್ಲುತ್ತವೆ.

ಮೀನು, ಏಡಿ ಕಡಿಮೆಯಾಗಿದೆ ಎಂದಿರಿ. ತೋಡನ್ನು ನಾನು ನೋಡಿಲ್ಲ, ಆದರೆ ಒಂದು ಕೇಳುತ್ತೇನೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಕಲಸಿದ ಡ್ರಮ್, ಸ್ಪ್ರೇಯರ್ ಎಲ್ಲಿ ತೊಳೆಯುತ್ತೀರಿ? ತಾಮ್ರ ಸ್ವಲ್ಪವೇ ಆದರೂ ನೀರಿನ ಜೀವಿಗಳಿಗೆ ವಿಷ. ತೋಡಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಇಂದೇ ಬಿಡಿ, ತೊಳೆದ ನೀರನ್ನು ತೋಟದೊಳಗೆ ಗಿಡಗಳ ನಡುವೆ ಚೆಲ್ಲಿ. ಹಂದಿ ಗೂಡು, ಕೊಟ್ಟಿಗೆ ತೊಳೆದ ನೀರು ಮಳೆ ಚರಂಡಿಗೆ ಸೇರುತ್ತಿದೆಯಾ ಎಂದೂ ನೋಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಇದ್ದರೆ, ಅದರ ಗುಂಡಿ ಮಳೆಗಾಲಕ್ಕೆ ಮೊದಲು ಖಾಲಿ ಇರಬೇಕು.

ಬಾವಿಯ ವಿಷಯ ಸುಲಭ. ಕಟ್ಟೆಯನ್ನು ಮೂರು ಅಡಿ ಎತ್ತರಿಸಿ, ಸುತ್ತ ಐದು ಅಡಿ ಕಾಂಕ್ರೀಟ್ ಮಾಡಿ, ನೀರು ಹೊರಕ್ಕೆ ಓಡುವ ಹಾಗೆ ವಾಟ ಕೊಡಿ. ಒಳಗಿನ ಉಂಗುರಗಳ ಮೇಲಿನ ಹತ್ತು ಅಡಿಯ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಅಷ್ಟಾದರೂ ಮಳೆಗಾಲದಲ್ಲಿ ಕುದಿಸಿಯೇ ಕುಡಿಯಿರಿ.

ಹೂಳುಗುಂಡಿಯಿಂದ ಹೊರಟ ನೀರು, ತೊಟ್ಟಿ ತುಂಬಿದ ನೀರು, ಮೇಲಿನ ಅಡ್ಡ ಚರಂಡಿಯ ನೀರು, ಇಷ್ಟೂ ಈಗ ಕೆಳಗೆ ಹೋಗಬೇಕು. ಇಲ್ಲಿ ನಿಮಗೆ ನೆರೆಯವರು ಬೇಕು. ಅವರ ಜಾಗದ ಕೆಳಗೆ ಗದ್ದೆ ಇರಬಹುದು ಎಂದುಕೊಳ್ಳುತ್ತೇನೆ, ನಮ್ಮ ಕಡೆ ಹೆಚ್ಚಾಗಿ ಹಾಗೇ. ಇಬ್ಬರ ಬೇಲಿಯ ಉದ್ದಕ್ಕೂ ಮೂರು ಅಡಿ ಅಗಲದ, ಆಳ ಕಡಿಮೆ ಇರುವ ಹುಲ್ಲಿನ ಕಾಲುವೆ ಮಾಡಿ. ಇಪ್ಪತ್ತು ಅಡಿಗೊಂದು ಕಡೆ ಕಾಡುಕಲ್ಲಿನ ಗಿಡ್ಡ ಅಡ್ಡಗಟ್ಟೆ ಹಾಕಿ, ಅದರ ಕೆಳಗೆ ಲಾವಂಚ ನೆಡಿ. ಲಾವಂಚದ ಬೇರು ನೇರ ಕೆಳಗೆ ಆಳಕ್ಕೆ ಇಳಿಯುತ್ತದೆ, ನೀರಿಗೆ ಕೊಚ್ಚಿಹೋಗುವುದಿಲ್ಲ. ಕಾಲುವೆ ಗದ್ದೆಯ ಮೇಲಿನ ಚಪ್ಪಟೆ ಜಾಗಕ್ಕೆ ತಲುಪಿದಾಗ ಅದನ್ನು ಅಡ್ಡಕ್ಕೆ ತಿರುಗಿಸಿ, ಇಪ್ಪತ್ತೈದು ಅಡಿ ಉದ್ದಕ್ಕೆ ಒಂದೇ ಮಟ್ಟದಲ್ಲಿ ಕಲ್ಲಿನ ಅಂಚು ಕಟ್ಟಿ. ಆಗ ನೀರು ಒಂದೇ ಕಡೆ ನುಗ್ಗದೆ, ಅಂಚಿನ ಉದ್ದಕ್ಕೂ ತೆಳುವಾಗಿ ಚೆಲ್ಲುತ್ತದೆ. ಇಂಗುಗುಂಡಿ ಬೇಕೇ ಬೇಕು ಅಂದರೆ ಅದಕ್ಕೆ ಜಾಗ ಇದು. ಕೆಳಗೆ ಬರೆ ಇಲ್ಲ, ಮನೆ ಇಲ್ಲ. ಮೊದಲು ಒಂದು ಅಡಿ ಚೌಕದ, ಎರಡು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ ನೋಡಿ. ಆ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿದರೆ ಸಾಲದು, ಜುಲೈನಲ್ಲೂ ಮಾಡಬೇಕು. ಎರಡು ದಿನವಾದರೂ ನೀರು ನಿಂತೇ ಇದ್ದರೆ ಆ ಜಾಗ ಬೇಡ, ಸೊಳ್ಳೆ ಸಾಕಿದ ಹಾಗಾಗುತ್ತದೆ.

ನೆರೆಯವರ ಹತ್ರ ಮಾತಾಡಲು ಮುಜುಗರ ಬೇಡ. ಮೇಲಿನ ಜಾಗದಲ್ಲಿ ಬಿದ್ದ ಮಳೆ ಸಹಜವಾಗಿ ಹರಿದು ಬಂದರೆ ಕೆಳಗಿನವರು ಅದನ್ನು ತಡೆಯುವ ಹಾಗಿಲ್ಲ ಎಂದು 1882ರ ಈಸ್‌ಮೆಂಟ್ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಮೊದಲಿಗೆ ಜಾರಿಯಾದ ಕೆಲವೇ ಪ್ರದೇಶಗಳಲ್ಲಿ ನಮ್ಮ ಕೊಡಗೂ ಒಂದು. ಆದರೆ ಅಲ್ಲಿರುವ ಮಾತು ಸಹಜ ಹರಿವಿನದು. ಅಂಗಳಕ್ಕೆ ಕಾಂಕ್ರೀಟ್ ಹಾಕಿ, ಒಂದೇ ಬಾಯಿಂದ ನುಗ್ಗಿಸುವ ನೀರು ಸಹಜ ಅಲ್ಲ. ತಪ್ಪು ನಿಮ್ಮ ಕಡೆ ಇದೆ, ಅದನ್ನು ಒಪ್ಪಿಕೊಂಡು ಖರ್ಚು ನಮ್ಮದು ಎಂದು ಹೇಳಿದರೆ ಬಾಗಿಲು ತೆರೆಯುತ್ತದೆ.

ಅವರಿಗೆ ಗದ್ದೆ ಇದ್ದು, ಅದನ್ನು ಮಣ್ಣು ತುಂಬಿ ಮಾರುವ ಯೋಚನೆ ಇದ್ದರೆ ಬೇಡ ಎಂದು ನನ್ನ ಪರವಾಗಿ ಕೇಳಿಕೊಳ್ಳಿ. ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ಅದು ನಾಲ್ಕು ಲಕ್ಷ ಲೀಟರ್‌ಗೂ ಜಾಸ್ತಿ. ಅಷ್ಟನ್ನು ಹಿಡಿಯುವ ತೊಟ್ಟಿ ಯಾರು ಕಟ್ಟುತ್ತಾರೆ?

ಬರೆಗೆ ತಡೆಗೋಡೆ ಕಟ್ಟಿಸುವುದಿದ್ದರೆ ಇಂಜಿನಿಯರ್ ನೋಡದೆ ಕಟ್ಟಿಸಬೇಡಿ. ಗೋಡೆ ಹಿಂದೆ ಜಲ್ಲಿ, ಗೋಡೆಯಲ್ಲಿ ನಾಲ್ಕೈದು ಅಡಿಗೊಂದು ನೀರು ಬಸಿಯುವ ಪೈಪ್ ಇಲ್ಲದಿದ್ದರೆ, ಗೋಡೆಯೇ ಅಣೆಕಟ್ಟಾಗಿ ಒಂದು ದಿನ ಮಗುಚುತ್ತದೆ. ಬರೆಯ ಮೇಲೆ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಎಂದೂ ಇಲ್ಲದ ಕಡೆ ಕೆಂಪು ಒರತೆ ಎದ್ದರೆ, ಇದ್ದ ಒರತೆ ಜೋರು ಮಳೆಯಲ್ಲೇ ಇದ್ದಕ್ಕಿದ್ದಂತೆ ನಿಂತರೆ, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಡಿ. ರಾತ್ರಿಯಾದರೂ ಸರಿ.

ಕೆಲಸವನ್ನು ಕೆಳಗಿನಿಂದ ಶುರು ಮಾಡಿ. ಮೊದಲು ಹುಲ್ಲಿನ ಕಾಲುವೆ, ಆಮೇಲೆ ಹೂಳುಗುಂಡಿ, ಕೊನೆಗೆ ಬರೆಯ ಮೇಲಿನ ಚರಂಡಿ. ಮೇಲಿನದ್ದನ್ನು ಮೊದಲು ಮಾಡಿದರೆ ಆ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಹುಲ್ಲು ಹಿಡಿಯಲು ಒಂದೆರಡು ಹೂಮಳೆ ಸಿಗಬೇಕು, ಹಾಗಾಗಿ ಮಾರ್ಚ್ ಒಳಗೆ ಕಾಲುವೆ ಮುಗಿಯಲಿ. ಹೂಳುಗುಂಡಿಯನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಹದಿನೈದು ದಿನಕ್ಕೊಮ್ಮೆ ಬಳಿಯಬೇಕು, ಮೂರನೇ ಒಂದು ಭಾಗ ತುಂಬುವವರೆಗೆ ಕಾಯಬೇಡಿ. ತೆಗೆದ ಮಣ್ಣು ಕಪ್ಪಗೆ, ಗೊಬ್ಬರದ ಹಾಗೆ ಕಾಣುತ್ತದೆ. ಅದರಲ್ಲಿ ಕಾರಿನ ಎಣ್ಣೆ ಇದೆ. ತರಕಾರಿ ಮಡಿಗಾಗಲಿ, ಕರಿಮೆಣಸಿನ ಬಳ್ಳಿಯ ಬುಡಕ್ಕಾಗಲಿ ಹಾಕಬೇಡಿ. ಬಾವಿಗೂ ತೋಡಿಗೂ ದೂರವಾದ, ಮಳೆ ಬೀಳದ ಜಾಗದಲ್ಲಿ ಒಣಗಿಸಿಟ್ಟು, ಆಮೇಲೆ ತೋಟದ ರಸ್ತೆಯ ಹಳ್ಳ ತುಂಬಲು ಬಳಸಿ, ಮೇಲೆ ಜಲ್ಲಿ ಹಾಕಿ.